ವಸಾಹತುಕಾಲದ ವಸ್ತುಸಂಗ್ರಹಾಲಯಗಳು: ದಕ್ಷಿಣ ಭಾರತ

ಬ್ರಿಟಿಷ್ ಆಳ್ವಿಕೆಯ ಭಾರತದಲ್ಲಿ ವಸ್ತುಸಂಗ್ರಹಾಲಯವು ನಾಡಿನ ಖನಿಜ, ಸಸ್ಯ, ಪ್ರಾಣಿ, ಶಿಲ್ಪಗಳ ಜೊತೆಗೆ ಜನರನ್ನೂ ವಿಂಗಡಿಸಿ ದಾಖಲಿಸುವ ಸಂಸ್ಥೆಯಾಗಿ ಬೆಳೆಯಿತು. ಡೆನ್ಮಾರ್ಕಿನ ಸಸ್ಯವಿಜ್ಞಾನಿ ನಥಾನಿಯಲ್ ವಾಲಿಚ್‌ನ ಸಲಹೆಯಂತೆ ಏಷ್ಯಾಟಿಕ್ ಸೊಸೈಟಿಯು 1814ರಲ್ಲಿ ಕಲ್ಕತ್ತೆಯಲ್ಲಿ ಆರಂಭಿಸಿದ ಸಂಗ್ರಹವು ಇವುಗಳಲ್ಲಿ ಮೊದಲನೆಯದು. ದಕ್ಷಿಣದಲ್ಲಿ 1851ರಲ್ಲಿ ಮದರಾಸಿನ, 1865ರಲ್ಲಿ ಬೆಂಗಳೂರಿನ ಸರ್ಕಾರಿ ಸಂಗ್ರಹಾಲಯಗಳು ಸ್ಥಾಪನೆಯಾದವು. ಎರಡರ ಹಿಂದೆಯೂ ಇದ್ದವನು ವೈದ್ಯ ಎಡ್ವರ್ಡ್ ಬಾಲ್ಫರ್. ಬ್ರಿಟಿಷ್ ಅಧಿಕಾರಿ ವಾಲ್ಟರ್ ಎಲಿಯಟ್ 1845ರಲ್ಲಿ ಅಮರಾವತಿಯ ಬೌದ್ಧ ಸ್ತೂಪದಿಂದ ಅಗೆಸಿ ತೆಗೆಸಿದ ಶಿಲಾಫಲಕಗಳು ಮದರಾಸಿಗೆ ಬಂದವು, ಅವುಗಳಲ್ಲಿ ಬಹುಪಾಲು 1859ರಲ್ಲಿ ಲಂಡನ್ನಿಗೆ ಸಾಗಿದವು.

1885ರಿಂದ 1908ರವರೆಗೆ ಮದರಾಸು ಸಂಗ್ರಹಾಲಯದ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್ ಮಾನವಮಿತಿಯನ್ನು, ಅಂದರೆ ದೇಹದ ಅಳತೆಗಳಿಂದ ಜನಾಂಗವನ್ನು ಗುರುತಿಸಬಹುದೆಂಬ ಪದ್ಧತಿಯನ್ನು, ಇಲ್ಲಿ ಬಳಕೆಗೆ ತಂದನು. ತಲೆ, ಮೂಗುಗಳ ಅಗಲ ಉದ್ದಗಳನ್ನು ಅಳೆದು ಜಾತಿ, ಬುಡಕಟ್ಟುಗಳ ಮೇಲುಕೀಳನ್ನು ಹೇಳಹೊರಟ ಈ ವಿದ್ಯೆ ವಿಜ್ಞಾನದ ವೇಷದಲ್ಲಿದ್ದ ಪೂರ್ವಗ್ರಹವಷ್ಟೆ. ಆದರೂ ಕೆ. ರಂಗಾಚಾರಿಯವರ ನೆರವಿನಿಂದ ಅವನು 1909ರಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳ ಏಳು ಸಂಪುಟಗಳಲ್ಲಿ ದಾಖಲಾಗಿರುವ ಆಚರಣೆಗಳನ್ನು ಇಂದಿನ ಸಂಶೋಧಕರೂ ಬಿಡುವಂತಿಲ್ಲ.

ಪೂಜೆಗೊಳ್ಳುತ್ತಿದ್ದ ವಸ್ತು ಪ್ರದರ್ಶನದ ವಸ್ತುವಾದುದಕ್ಕೆ ಬೆಂಗಳೂರಿನ ಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲು ಒಳ್ಳೆಯ ಉದಾಹರಣೆ. ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯ ಸ್ಮರಣೆಗಾಗಿ ಹತ್ತನೆಯ ಶತಮಾನದಲ್ಲಿ ನಿಲ್ಲಿಸಿದ ಈ ಕಲ್ಲಿಗೆ ಪೂಜೆ ಸಲ್ಲಿಸದೆ ಅಲ್ಲಿನ ಗೊರವನು, ಎಂದರೆ ಶೈವ ಪೂಜಾರಿಯು, ಉಣ್ಣಬಾರದೆಂದು ಶಾಸನವೇ ವಿಧಿಸುತ್ತದೆ. ಊರು ಬಿಟ್ಟು ಬಂದ ಕಲ್ಲಿನಲ್ಲಿ ಅಕ್ಷರವೂ ಶಿಲ್ಪವೂ ಉಳಿದವು, ಆ ಕಟ್ಟಳೆ ಉಳಿಯಲಿಲ್ಲ.

ಇಷ್ಟಾದರೂ ಇದು ಕೇವಲ ನಷ್ಟದ ಇತಿಹಾಸವಲ್ಲ. ಮೈಸೂರು ಸಂಸ್ಥಾನದಲ್ಲಿ ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಶಾಸನ ಸಂಪುಟಗಳು ಆಡಳಿತದ ಆಸರೆಯಲ್ಲಿ ಹುಟ್ಟಿದರೂ ಕನ್ನಡಿಗರಿಗೆ ತಮ್ಮ ನುಡಿಯ ಪ್ರಾಚೀನತೆಯ ಆಧಾರಗಳನ್ನು ಕೈಗಿತ್ತವು, ಮುಂದೆ ಆ ಕೆಲಸವನ್ನು ಆರ್. ನರಸಿಂಹಾಚಾರ್ ಮತ್ತು ಎಂ. ಎಚ್. ಕೃಷ್ಣರಂಥ ದೇಶೀಯ ವಿದ್ವಾಂಸರೇ ವಹಿಸಿಕೊಂಡರು. ಬಹುಕಾಲ ಕನ್ನಡದ ಅತ್ಯಂತ ಹಳೆಯ ಶಾಸನವೆಂದು ಪರಿಗಣಿತವಾಗಿದ್ದ ಹಲ್ಮಿಡಿ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದವರು ಕೃಷ್ಣ ಅವರು. ಅದರ ಮೂಲ ಕಲ್ಲು ಈಗ ರಾಜ್ಯ ಪುರಾತತ್ವ ಇಲಾಖೆಯ ವಶದಲ್ಲಿದ್ದು, ಹಲ್ಮಿಡಿ ಗ್ರಾಮದಲ್ಲಿ ಇರುವುದು ಪ್ರತಿಕೃತಿ.