ದಾಳ ಉರುಳಿಸಿ ನಕ್ಷತ್ರಲೋಕ ಕಟ್ಟಿದವರ ಕಥೆ

ತಾಳಮದ್ದಳೆ ನೋಡಿದವರಿಗೆ ಈ ಆಟವನ್ನು ವಿವರಿಸುವುದು ಸುಲಭ. ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕುಳಿತಲ್ಲೇ ಕರ್ಣನಾಗುತ್ತಾರೆ, ಕೃಷ್ಣನಾಗುತ್ತಾರೆ. ಮಾತು ಆ ಹೊತ್ತಿಗೆ ಹುಟ್ಟುತ್ತದೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾದ ರೋಲ್‌ಪ್ಲೇಯಿಂಗ್ ಆಟವೂ ಹೆಚ್ಚುಕಡಿಮೆ ಹೀಗೇ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ವ್ಯತ್ಯಾಸ ಎರಡೇ. ಇಲ್ಲಿ ಪ್ರಸಂಗ ಮೊದಲೇ ಗೊತ್ತಿರುವುದಿಲ್ಲ. ಗೆಲುವು ಸೋಲು ತೀರ್ಮಾನಿಸಲು ದಾಳ ಇರುತ್ತದೆ.

ಕಥೆ ಕಾಡಿನಲ್ಲೋ ಕೋಟೆಯಲ್ಲೋ ನಡೆದರೆ ತೊಂದರೆಯಿಲ್ಲ. ಆದರೆ ಆಕಾಶನೌಕೆ ಹತ್ತಿ ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುವ ಕಥೆಯಾದರೆ? ಆಡುವವರು ಯಾವ ಕಡೆ ನೌಕೆ ತಿರುಗಿಸುತ್ತಾರೋ ಅಲ್ಲಿ ಒಂದು ಸೂರ್ಯ, ಅದರ ಸುತ್ತ ಗ್ರಹಗಳು, ಅಲ್ಲಿ ಗಾಳಿ ನೀರು ಜನ ಎಲ್ಲವೂ ಸಿದ್ಧವಿರಬೇಕು. ಇಷ್ಟೆಲ್ಲ ಒಬ್ಬನೇ ಕುಳಿತು ಕಲ್ಪಿಸುವುದು ಆಗದ ಮಾತು.

ಇದಕ್ಕೆ 1977ರಲ್ಲಿ ಬಂದ ‘ಟ್ರಾವೆಲರ್’ ಎಂಬ ಆಟ ಒಂದು ಉಪಾಯ ಕೊಟ್ಟಿತು. ಬರೆದವರು ಮಾರ್ಕ್ ಮಿಲ್ಲರ್, ಹೊರತಂದದ್ದು ಗೇಮ್ ಡಿಸೈನರ್ಸ್ ವರ್ಕ್‌ಶಾಪ್. ಜೇನುಗೂಡಿನಂತೆ ಆರು ಮೂಲೆಯ ಮನೆಗಳಿರುವ ಹಾಳೆ ತೆಗೆದುಕೊಳ್ಳಿ. ಅಡ್ಡ 8, ಉದ್ದ 10, ಒಟ್ಟು 80 ಮನೆ. ಪ್ರತಿ ಮನೆಗೆ ಒಂದು ದಾಳ ಎಸೆಯಿರಿ. 4, 5 ಅಥವಾ 6 ಬಿದ್ದರೆ ಅಲ್ಲಿ ಒಂದು ಲೋಕ ಇದೆ. ಇಲ್ಲದಿದ್ದರೆ ಖಾಲಿ ಆಕಾಶ.

ಆಮೇಲೆ ಆ ಲೋಕದ ವಿವರ. ಎರಡು ದಾಳದ ಮೊತ್ತದಿಂದ 2 ಕಳೆದರೆ ಗಾತ್ರ. ಉತ್ತರ 8 ಬಂದರೆ ಸುಮಾರು ನಮ್ಮ ಭೂಮಿಯಷ್ಟು. ಮತ್ತೆ ಎರಡು ದಾಳ ಎಸೆದು, 7 ಕಳೆದು, ಗಾತ್ರವನ್ನು ಕೂಡಿಸಿದರೆ ಗಾಳಿ ಎಷ್ಟಿದೆ ಎಂಬ ಅಂಕಿ. ಗಾತ್ರವನ್ನು ಯಾಕೆ ಕೂಡಿಸಬೇಕು? ಚಿಕ್ಕ ಗ್ರಹದ ಸೆಳೆತ ಕಡಿಮೆ, ಅದು ಗಾಳಿಯನ್ನು ಹಿಡಿದಿಟ್ಟುಕೊಳ್ಳಲಾರದು. ಒಂದು ಸಣ್ಣ ಕೂಡುವ ಲೆಕ್ಕದೊಳಗೆ ಭೌತಶಾಸ್ತ್ರದ ಪಾಠವೇ ಅಡಗಿದೆ. ಜನಸಂಖ್ಯೆಯ ಅಂಕಿ ಎಂದರೆ 1ರ ಮುಂದೆ ಎಷ್ಟು ಸೊನ್ನೆ ಎಂದು ಅರ್ಥ: 5 ಎಂದರೆ ಲಕ್ಷ, 7 ಎಂದರೆ ಕೋಟಿ. ಆಡಳಿತ ಎಂಥದ್ದು ಎನ್ನುವುದು ಜನಸಂಖ್ಯೆಯನ್ನು ನೋಡಿ ಬರುತ್ತದೆ.

ಚೌಕಾಬಾರದಲ್ಲಿ ಕವಡೆ ಬಿದ್ದ ಹಾಗೆ ಕಾಯಿ ನಡೆಯುತ್ತದೆ. ಇಲ್ಲಿ ದಾಳ ಬಿದ್ದ ಹಾಗೆ ಲೋಕ ಹುಟ್ಟುತ್ತದೆ.

80 ಮನೆಗೆ ಸರಾಸರಿ 40 ಲೋಕ. ಒಂದೊಂದಕ್ಕೂ ಏಳೆಂಟು ಸಲ ದಾಳ ಎಸೆದು ಬರೆದುಕೊಳ್ಳುವಷ್ಟರಲ್ಲಿ ಎಸೆತ ಮುನ್ನೂರರ ಹತ್ತಿರ ಬರುತ್ತದೆ. ಆದರೆ ನಿಯಮ ಇಷ್ಟು ಸ್ಪಷ್ಟವಾಗಿದ್ದರೆ ಅದನ್ನು ಕಂಪ್ಯೂಟರಿಗೆ ಹೇಳಿಕೊಡುವುದು ಕಷ್ಟವಲ್ಲ. ದಾಳದ ಬದಲು ಯಂತ್ರವೇ 1ರಿಂದ 6ರೊಳಗೆ ಒಂದು ಅಂಕಿ ಆರಿಸುತ್ತದೆ.

1984ರಲ್ಲಿ ಇಂಗ್ಲೆಂಡಿನ ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್ ‘ಎಲೀಟ್’ ಎಂಬ ಕಂಪ್ಯೂಟರ್ ಆಟದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅವರ ಕೈಯಲ್ಲಿದ್ದ ಬಿಬಿಸಿ ಮೈಕ್ರೋ ಯಂತ್ರದ ಮೆಮೊರಿ 32 ಕಿಲೋಬೈಟ್. ಈಗ ವಾಟ್ಸಾಪಿನಲ್ಲಿ ಬರುವ ಒಂದು ಶುಭೋದಯದ ಚಿತ್ರಕ್ಕೂ ಅಷ್ಟು ಜಾಗ ಸಾಲದು. ಅದರಲ್ಲಿ 8 ಆಕಾಶಗಂಗೆ, ಒಂದೊಂದರಲ್ಲಿ 256 ನಕ್ಷತ್ರ, ಒಟ್ಟು 2048. ಅವರು ಒಂದು ಲೋಕವನ್ನೂ ಬರೆದಿಡಲಿಲ್ಲ. ಮೂರು ಅಂಕಿಗಳ ಒಂದು ಬೀಜ ಇಟ್ಟರು. ಆ ಬೀಜದಿಂದ ಕೂಡುವ ಲೆಕ್ಕ ಮಾಡುತ್ತಾ ಹೋದರೆ ಪ್ರತಿ ಲೋಕದ ಹೆಸರು, ಆಡಳಿತ, ವ್ಯಾಪಾರ ಎಲ್ಲ ಹೊರಬರುತ್ತಿತ್ತು. ಬೀಜ ಅದೇ ಆದರೆ ಬೆಳೆಯೂ ಅದೇ. ಹಾಗಾಗಿ ಎಷ್ಟು ಸಲ ಆಡಿದರೂ ಅದೇ ಲೋಕ ಅದೇ ಜಾಗದಲ್ಲಿ ಸಿಗುತ್ತಿತ್ತು.

ಇದೇ ಹೊತ್ತಿಗೆ ವಿಜ್ಞಾನಿಗಳ ಕಡೆಯಿಂದಲೂ ಒಂದು ದಾರಿ ಬಂದಿತ್ತು. ಅಮೆರಿಕದ ರ‍್ಯಾಂಡ್ ಸಂಸ್ಥೆಯ ಸ್ಟೀಫನ್ ಡೋಲ್ 1964ರಲ್ಲಿ ಮನುಷ್ಯ ಬಾಳಬಹುದಾದ ಗ್ರಹ ಹೇಗಿರಬೇಕು ಎಂದು ಒಂದು ಪುಸ್ತಕ ಬರೆದರು. 1970ರಲ್ಲಿ ಗ್ರಹ ಹುಟ್ಟುವುದನ್ನು ಕಂಪ್ಯೂಟರಿನಲ್ಲಿ ಮಾಡಿ ತೋರಿಸಿದರು. ಸೂರ್ಯನ ಸುತ್ತ ಧೂಳು, ಅನಿಲದ ಮೋಡ. ಅದರೊಳಗೆ ಮನಸ್ಸಿಗೆ ಬಂದ ಕಡೆ ಒಂದು ಸಣ್ಣ ಕಣ ಬಿಡುವುದು. ಅದು ತನ್ನ ದಾರಿಯ ಧೂಳನ್ನು ಗುಡಿಸಿಕೊಂಡು ಬೆಳೆಯುತ್ತದೆ. ಸಾಕಷ್ಟು ದೊಡ್ಡದಾದರೆ ಅನಿಲವನ್ನೂ ಎಳೆದುಕೊಳ್ಳುತ್ತದೆ. ಎರಡು ಗ್ರಹಗಳ ದಾರಿ ಅಡ್ಡಬಂದರೆ ಸೇರಿ ಒಂದಾಗುತ್ತವೆ. ಧೂಳು ಮುಗಿಯುವ ತನಕ ಇದೇ ಕೆಲಸ. ಮುಗಿದ ಮೇಲೆ ನೋಡಿದರೆ ಒಳಗೆ ಚಿಕ್ಕ ಕಲ್ಲಿನ ಗ್ರಹಗಳು, ಹೊರಗೆ ದೊಡ್ಡ ಅನಿಲ ಗ್ರಹಗಳು. ಥೇಟ್ ನಮ್ಮ ಸೌರವ್ಯೂಹ! 1985ರಲ್ಲಿ ಮಾರ್ಟಿನ್ ಫಾಗ್ ಇದನ್ನು ಮನೆಯ ಸಣ್ಣ ಕಂಪ್ಯೂಟರಿಗೆ ಒಗ್ಗುವಂತೆ ಬೆಳೆಸಿದರು. ಮುಂದೆ ಹವ್ಯಾಸಿಗಳು ಬರೆದ ‘ಸ್ಟಾರ್‌ಜೆನ್’ನಂಥ ತಂತ್ರಾಂಶಗಳಿಗೆ ಇದೇ ಬೇರು.

ಎಲ್ಲರಿಗೂ ಖುಷಿಯಾಗಿತ್ತು. ಆದರೆ ಒಂದು ಪ್ರಶ್ನೆ ಉಳಿದಿತ್ತು. ಸರಿ ಬಂದಿದೆ ಎಂದು ಹೇಳಲು ಹೋಲಿಸಿ ನೋಡಿದ್ದು ಯಾವುದರ ಜೊತೆ? ನಮ್ಮದೇ ಸೌರವ್ಯೂಹದ ಜೊತೆ. ಬೇರೆ ಉದಾಹರಣೆ ಯಾರ ಬಳಿಯೂ ಇರಲಿಲ್ಲ.

1983ರ ಟ್ರಾವೆಲರ್ ಪುಸ್ತಕ ‘ಸ್ಕೌಟ್ಸ್’ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಭೂಮಿಯಿಂದ ಸೂರ್ಯನಿಗಿರುವ ದೂರವನ್ನು 1 ಎಂದು ಹಿಡಿದರೆ, ಅದರ ಪಟ್ಟಿಯಲ್ಲಿ ಗ್ರಹಗಳು ಕೂರುವ ಜಾಗ 0.2, 0.4, 0.7, 1, 1.6, 2.8, 5.2 ಹೀಗೆ ಹೋಗುತ್ತದೆ. 0.4 ನಮ್ಮ ಬುಧ, 0.7 ಶುಕ್ರ, 5.2 ಗುರು. 1766ರಲ್ಲಿ ಟಿಟಿಯಸ್, 1772ರಲ್ಲಿ ಬೋಡೆ ಎಂಬ ಜರ್ಮನ್ನರು ಹೇಳಿದ ಲೆಕ್ಕ ಇದು. 1846ರಲ್ಲಿ ಕಂಡ ನೆಪ್ಚೂನ್ ಈ ಲೆಕ್ಕಕ್ಕೆ ಆಗಲೇ ಬಗ್ಗಿರಲಿಲ್ಲ. ಆದರೂ ಆಟದ ಪಟ್ಟಿಯಲ್ಲಿ ಎಲ್ಲ ನಕ್ಷತ್ರಗಳಿಗೂ ನಮ್ಮ ಮನೆಯ ಅಳತೆಯನ್ನೇ ಹಾಕಲಾಗಿತ್ತು.

1995ರ ಅಕ್ಟೋಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಮಿಶೆಲ್ ಮೇಯರ್ ಮತ್ತು ಡಿಡಿಯೇ ಕೆಲೋ ಸುದ್ದಿ ಕೊಟ್ಟರು: ನಮ್ಮ ಸೂರ್ಯನಂಥದ್ದೇ ಒಂದು ನಕ್ಷತ್ರದ ಸುತ್ತ ಗ್ರಹ ಸಿಕ್ಕಿದೆ. ನಕ್ಷತ್ರದ ಹೆಸರು 51 ಪೆಗಾಸಿ. ಗ್ರಹದ ತೂಕ ಕನಿಷ್ಠ ಗುರುವಿನ ಅರ್ಧದಷ್ಟು. ಅದರ ವರ್ಷ ಎಂದರೆ 4.2 ದಿನ! ದೂರ 0.05. ಪಟ್ಟಿಯಲ್ಲಿ 0.2ಕ್ಕಿಂತ ಒಳಗೆ ಜಾಗವೇ ಇರಲಿಲ್ಲ. ಇಂಥ ಗ್ರಹ ಇರಬಹುದು ಎಂದು 1952ರಲ್ಲೇ ಆಟೋ ಸ್ಟ್ರೂವೆ ಎಂಬ ಖಗೋಳ ವಿಜ್ಞಾನಿ ಬರೆದಿದ್ದರು. ಆ ಮಾತನ್ನು ಹೆಚ್ಚು ಜನ ಕಿವಿಗೆ ಹಾಕಿಕೊಳ್ಳಲಿಲ್ಲ. ಮೇಯರ್, ಕೆಲೋ ಇಬ್ಬರಿಗೂ 2019ರಲ್ಲಿ ನೊಬೆಲ್ ಬಂತು.

ಅದೇ 2019ರಲ್ಲಿ ಭಾರತಕ್ಕೂ ಒಂದು ನಕ್ಷತ್ರ ಮತ್ತು ಅದರ ಗ್ರಹಕ್ಕೆ ಹೆಸರಿಡುವ ಅವಕಾಶ ಸಿಕ್ಕಿತು. ನಕ್ಷತ್ರಕ್ಕೆ ಭೌತವಿಜ್ಞಾನಿ ಬಿಭಾ ಚೌಧುರಿ ಅವರ ನೆನಪಿನಲ್ಲಿ ‘ಬಿಭಾ’ ಎಂದೂ ಗ್ರಹಕ್ಕೆ ‘ಸಂತಮಸ’ ಎಂದೂ ಹೆಸರಾಯಿತು. ಈ ಸಂತಮಸ ಗುರುವಿಗಿಂತ ಭಾರ, ನಕ್ಷತ್ರವನ್ನು ಸುಮಾರು ಎರಡು ದಿನಕ್ಕೆ ಒಂದು ಸುತ್ತು ಹಾಕುತ್ತದೆ. ನಮ್ಮ ದೇಶ ಹೆಸರಿಟ್ಟ ಈ ಲೋಕವೂ ಹಳೆಯ ಪಟ್ಟಿಯಿಂದ ಹುಟ್ಟುವಂಥದ್ದಲ್ಲ.

2009ರಲ್ಲಿ ಹಾರಿದ ಕೆಪ್ಲರ್ ದೂರದರ್ಶಕ ಒಂದೇ 2600ಕ್ಕೂ ಹೆಚ್ಚು ಗ್ರಹ ಹುಡುಕಿತು. ಅವುಗಳಲ್ಲಿ ಬಹಳಷ್ಟು ಭೂಮಿಗಿಂತ ದೊಡ್ಡವು, ನೆಪ್ಚೂನ್‌ಗಿಂತ ಚಿಕ್ಕವು. ಅಂಥ ಗಾತ್ರದ್ದು ನಮ್ಮ ಸೌರವ್ಯೂಹದಲ್ಲಿ ಒಂದೂ ಇಲ್ಲ. ಮಾದರಿ ಎಂದು ಹಿಡಿದಿದ್ದ ನಮ್ಮ ಮನೆ ಎಲ್ಲರ ಮನೆಯಂತಿರಲಿಲ್ಲ.

ಆಟದವರು ಮುನಿಸಿಕೊಳ್ಳಲಿಲ್ಲ, ಪಟ್ಟಿ ತಿದ್ದಿದರು. 2006ರ ‘ಗರ್ಪ್ಸ್ ಸ್ಪೇಸ್’ ಪುಸ್ತಕದಲ್ಲಿ ನಕ್ಷತ್ರಕ್ಕೆ ಅಂಟಿಕೊಂಡೇ ಸುತ್ತುವ ಅನಿಲ ಗ್ರಹಕ್ಕೂ ದಾಳದ ಜಾಗ ಬಂತು. ಇಂದು ಯಾರಾದರೂ ಇಂಥ ತಂತ್ರಾಂಶ ಬರೆಯಲು ಕೂತರೆ ದಾಳದ ಲೆಕ್ಕ ಒಂದು ಸಂಜೆಯ ಕೆಲಸ. ಪಟ್ಟಿಯಲ್ಲಿ ಏನೇನು ಇರಬೇಕು ಎಂಬುದೇ ಕಷ್ಟದ ಕೆಲಸ. ಪಟ್ಟಿಯಲ್ಲಿ ಇಲ್ಲದ್ದನ್ನು ಎಷ್ಟು ಕೋಟಿ ಸಲ ದಾಳ ಎಸೆದರೂ ಯಂತ್ರ ಕೊಡಲಾರದು.

ಸುದ್ದಿ ಬರೆಯುವ ನಮಗೂ ಇದು ಹೊಸ ಮಾತಲ್ಲ. ಒಂದು ಹೋಬಳಿಯ ಮಳೆ ನೋಡಿ ‘ಜಿಲ್ಲೆಯಾದ್ಯಂತ ಉತ್ತಮ ಮಳೆ’ ಎಂದು ಬರೆದುಬಿಡುವ ಆಸೆ ಈ ಕೆಲಸದಲ್ಲಿ ಸದಾ ಇರುತ್ತದೆ. ಈಗ ಮಳೆ, ಬೆಳೆ, ಸಾಲ ಎಲ್ಲದಕ್ಕೂ ಮೊಬೈಲಿನಲ್ಲಿ ಒಂದು ಲೆಕ್ಕ ಬರುತ್ತದೆ. ಅದು ಸರಿಯೋ ತಪ್ಪೋ ಎನ್ನುವ ಮೊದಲು ಇಷ್ಟು ಕೇಳೋಣ: ಈ ಲೆಕ್ಕದ ಪಟ್ಟಿ ಮಾಡಿದವರು ಯಾರ ಹೊಲ ನೋಡಿ ಮಾಡಿದರು? ನಮ್ಮದೂ ಅದರಲ್ಲಿ ಇತ್ತೇ?