ಗಿಣ್ಣು, ಜೇನು, ಡಬ್ಬಿ ಪುಡಿ: ಮೊದಲ ಮೂರು ದಿನದ ಚರಿತ್ರೆ

ನಮ್ಮ ಬಳ್ಳಾರಿ ಕಡೆ ಎಮ್ಮೆ ಈದರೆ ಓಣಿಯವರಿಗೆಲ್ಲ ಗಿಣ್ಣು ಹಂಚ್ತಾರೆ. ಕರುವಿಗೂ ಆ ಮೊದಲ ಹಾಲು ಕುಡಿಸದೇ ಬಿಡೋದಿಲ್ಲ. ಆದರೆ ಅದೇ ಮನೆಯ ಮಗಳು ಹೆತ್ತರೆ, ಅವಳ ಎದೆಯಲ್ಲಿ ಮೊದಲು ಬರುವ ಹಳದಿ ಹಾಲನ್ನು ‘ಕೆಟ್ಟ ಹಾಲು’ ಅಂತ ಹಿಂಡಿ ಚೆಲ್ಲುತ್ತಿದ್ದರು. ಕುರುಗೋಡಿನ ಮನೆಯಲ್ಲೇ ಹೆತ್ತ ನನ್ನಜ್ಜಿ ಹೇಳೋ ಪ್ರಕಾರ, ಮೂರು ದಿನ ಕೂಸಿಗೆ ಜೇನುತುಪ್ಪ, ಸಕ್ಕರೆ ನೀರು. ಅದನ್ನು ಒಳಲೆಯಲ್ಲಿ ಹಾಕೋರು.

ಈ ಮೂರು ದಿನದ ಲೆಕ್ಕ ಅಜ್ಜಿ ಹುಟ್ಟಿಸಿದ್ದಲ್ಲ. ಹೆರಿಗೆಯಾದ ಮೂರು ಅಥವಾ ನಾಲ್ಕು ರಾತ್ರಿ ಕಳೆದ ಮೇಲೆ ಹಾಲು ಇಳಿಯುತ್ತದೆ, ಅಲ್ಲಿಯವರೆಗೆ ಜೇನು ತುಪ್ಪ ಕೊಡಿ ಅಂತ ಸುಶ್ರುತ ಸಂಹಿತೆಯೇ ಹೇಳುತ್ತದೆ. ನೋಡಿದ್ದು ಸರಿಯಾಗಿಯೇ ಇದೆ. ಮಾಸು ಹೊರಬಿದ್ದ ಮೇಲೆ ತಾಯಿಯ ಮೈಯಲ್ಲಿ ಪ್ರೊಜೆಸ್ಟರಾನ್ ಇಳಿದು, ಎರಡರಿಂದ ನಾಲ್ಕು ದಿನದಲ್ಲಿ ಎದೆ ತುಂಬಿಕೊಳ್ಳುತ್ತದೆ. ಚೊಚ್ಚಲ ಬಾಣಂತಿಗೆ, ಸಿಸೇರಿಯನ್ ಆದವರಿಗೆ ಇನ್ನೂ ಸ್ವಲ್ಪ ತಡವಾಗಬಹುದು. ಆದರೆ ಆ ನಡುವಿನ ದಿನಗಳು ಖಾಲಿ ಅಲ್ಲ. ಹನಿ ಹನಿಯಾಗಿ ಬರುವ ಹಳದಿ ಹಾಲು ರೋಗನಿರೋಧಕಗಳಿಂದ ತುಂಬಿರುತ್ತದೆ. ಮೊದಲ ದಿನ ಕೂಸಿಗೆ ಒಂದು ಸಲಕ್ಕೆ ಬೇಕಾಗೋದೂ ಸುಮಾರು ಒಂದು ಟೀ ಚಮಚ ಅಷ್ಟೇ. ವರ್ಷ ತುಂಬದ ಮಗುವಿಗೆ ಜೇನು ಬೇಡ ಅಂತ ಇವತ್ತಿನ ವೈದ್ಯರು ಹೇಳೋದು ಬೊಟುಲಿಸಂ ಎಂಬ ಕಾಯಿಲೆಯ ಭಯದಿಂದ.

ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ಆದರೂ ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ಎರಡನೇ ರಾತ್ರಿ ಕೂಸು ಬಿಡದೇ ಅತ್ತಾಗ, ತೊಟ್ಟು ಬಿರಿದು ರಕ್ತ ಬಂದಾಗ, ಗೊತ್ತಿದ್ದದ್ದು ಯಾವುದೂ ನೆನಪಾಗಲಿಲ್ಲ. ಕೇಳುವ ಮೊದಲೇ ಹಾಲಿನ ಪುಡಿಯ ಚೀಟಿ ಕೈಗೆ ಬಂತು. ಸಿರುಗುಪ್ಪದ ತವರಿಗೆ ಹೋದರೆ ಬಂದವರೆಲ್ಲರದ್ದೂ ಒಂದೇ ಪ್ರಶ್ನೆ: “ಹಾಲು ಬಂದೈತೇನವ್ವಾ? ಕೂಸಿಗೆ ಸಾಲ್ತೈತಾ?” ಪ್ರೀತಿಯಿಂದಲೇ ಕೇಳ್ತಾರೆ. ಕೇಳಿಸಿಕೊಳ್ಳೋಳಿಗೆ ಮಾತ್ರ ಪ್ರತಿಸಲವೂ ಫೇಲಾದಂತೆ ಅನಿಸುತ್ತದೆ.

ಜೇನು ಇದ್ದ ಆ ಜಾಗಕ್ಕೆ ಡಬ್ಬಿ ಬಂದ ಕಥೆಯೂ ಇದೇ ಅನುಮಾನದ ಕಥೆ. 1867ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹೆನ್ರಿ ನೆಸ್ಲೆ ಶಿಶು ಆಹಾರ ಮಾರಲು ಶುರುಮಾಡಿದ. ತಾಯಿಹಾಲು ಸಿಗದ ಕೂಸುಗಳಿಗೆ ಅಂಥದ್ದೊಂದು ಬೇಕೂ ಇತ್ತು. ಆದರೆ ಮುಂದೆ ಹಾಲಿದ್ದ ತಾಯಂದಿರಿಗೂ ಡಬ್ಬಿ ಮಾರಲಾಯಿತು. 1939ರಲ್ಲಿ ಸಿಂಗಪುರದ ರೋಟರಿ ಕ್ಲಬ್ಬಿನಲ್ಲಿ ಡಾ. ಸಿಸಿಲಿ ವಿಲಿಯಮ್ಸ್ ‘ಹಾಲು ಮತ್ತು ಕೊಲೆ’ ಎಂಬ ಭಾಷಣ ಮಾಡಿ, ಸಿಹಿ ಡಬ್ಬಿಹಾಲನ್ನು ಕೂಸುಗಳಿಗೆ ಒಳ್ಳೆಯದೆಂದು ಮಾರುವುದನ್ನು ಖಂಡಿಸಿದರು. 1977ರಲ್ಲಿ ಅಮೆರಿಕದಲ್ಲಿ ನೆಸ್ಲೆ ಬಹಿಷ್ಕಾರ ಶುರುವಾಯಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಂಹಿತೆ ಬಂತು. ಭಾರತ 1992ರಲ್ಲಿ ಕಾಯ್ದೆಯನ್ನೇ ಮಾಡಿ, 2003ರಲ್ಲಿ ಬಿಗಿಗೊಳಿಸಿತು. ಹಾಲಿನ ಪುಡಿ, ಬಾಟಲಿಗಳ ಜಾಹೀರಾತು ಹಾಕುವಂತಿಲ್ಲ, ತಾಯಂದಿರಿಗೆ ಪುಕ್ಕಟೆ ಸ್ಯಾಂಪಲ್ ಹಂಚುವಂತಿಲ್ಲ, ಪುಡಿಯ ಡಬ್ಬಿ ಮೇಲೆ ಮುದ್ದು ಮಗುವಿನ ಚಿತ್ರ ಹಾಕುವಂತಿಲ್ಲ.

ಕಾನೂನು ಜಾಹೀರಾತು ನಿಲ್ಲಿಸಬಹುದು, ರಾತ್ರಿ ಮೂರಕ್ಕೆ ಬಾಣಂತಿಯ ಪಕ್ಕ ಕೂರೋದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದಲ್ಲಿ 88.6% ಹೆರಿಗೆ ಆಸ್ಪತ್ರೆಯಲ್ಲೇ ಆದರೂ, ಹುಟ್ಟಿದ ಒಂದು ಗಂಟೆಯೊಳಗೆ ತಾಯಿಹಾಲು ಕುಡಿದ ಮಕ್ಕಳು 41.8% ಮಾತ್ರ. ಹೆರಿಗೆ ಆಸ್ಪತ್ರೆಗೆ ಬಂತು, ಕೂಸನ್ನು ಎದೆಗೆ ಹಿಡಿಯೋದು ಹೇಗೆ ಅಂತ ತೋರಿಸುವ ಕೈ ಮಾತ್ರ ಜೊತೆಗೆ ಬರಲಿಲ್ಲ.

ಆ ಕೈ ಎಲ್ಲಿದೆ ಅಂದರೆ, ಆಶಾ ಕಾರ್ಯಕರ್ತೆಯ ಹತ್ತಿರ. 2011ರಲ್ಲಿ ಶುರುವಾದ ಮನೆಭೇಟಿ ಯೋಜನೆಯ ಪ್ರಕಾರ ಆಸ್ಪತ್ರೆ ಹೆರಿಗೆಯಾದವರ ಮನೆಗೆ ಅವರು ಮೊದಲು ಬರಬೇಕಾದ್ದು ಮೂರನೇ ದಿನ. ಸುಶ್ರುತ ಗುರುತಿಸಿದ್ದ, ಅಜ್ಜಿ ಜೇನು ಹಾಕಿದ, ನನಗೆ ಚೀಟಿ ಬಂದ ಆಸುಪಾಸಿನ ದಿನವೇ. ಸಿರುಗುಪ್ಪದಲ್ಲಿ ನಮ್ಮನೆಗೆ ಬಂದಾಕೆ ಹಾಲು ಬಂತಾ ಅಂತ ಕೇಳಲೇ ಇಲ್ಲ. “ಕೂಸು ಎಷ್ಟು ಸಲ ಉಚ್ಚೆ ಹೊಯ್ತವ್ವಾ?” ಅಂದರು, ತೂಕ ನೋಡಿದರು, ಬಾಯಿ ಅಗಲ ಮಾಡಿಸಿ ಎದೆಗೆ ಹಿಡಿಸಿದರು. ಐದನೇ ದಿನದ ಹೊತ್ತಿಗೆ ದಿನಕ್ಕೆ ಆರು ಸಲ ಒದ್ದೆಯಾದರೆ ಹಾಲು ಸಾಕಾಗ್ತಿದೆ ಅಂತ ಲೆಕ್ಕ. ಕಡಿಮೆಯಾದರೆ, ಕೂಸು ಮಂಕಾದರೆ ಡಾಕ್ಟರ ಹತ್ತಿರ ಹೋಗಬೇಕು. ಆಗ ಪುಡಿ ಬೇಕಾದರೆ ಅದರಲ್ಲಿ ನಾಚಿಕೆಯೇನೂ ಇಲ್ಲ.

ಗೆಳತಿ ಹೆತ್ತಿದ್ದಾಳೆ ಅಂತ ನೋಡೋಕೆ ಹೋಗ್ತೀರಲ್ಲ, ನೀವೂ ಹಾಲಿನ ಸುದ್ದಿ ಎತ್ತಬೇಡಿ. ಬಾಣಂತಿಗೆ ಒಂದು ಊಟ ಕಟ್ಟಿಕೊಂಡು ಹೋಗಿ, ಅವಳು ಎರಡು ಗಂಟೆ ಮಲಗಲಿ.