ರೇಡಿಯೋ ಸಿಟಿ 91.1 ಎಫ್‌ಎಂ (ಬೆಂಗಳೂರು)

ರೇಡಿಯೋ ಸಿಟಿ 91.1 ಎಫ್‌ಎಂ ಬೆಂಗಳೂರಿನಿಂದ ಪ್ರಸಾರವಾಗುವ ಖಾಸಗಿ ವಾಣಿಜ್ಯ ಬಾನುಲಿ ಕೇಂದ್ರ. 2001ರ ಜುಲೈ 3ರಂದು ಪ್ರಸಾರವನ್ನು ಆರಂಭಿಸಿದ ಇದು ಭಾರತದ ಮೊದಲ ಖಾಸಗಿ ಎಫ್‌ಎಂ ಕೇಂದ್ರವಾಗಿದೆ. ಮ್ಯೂಸಿಕ್ ಬ್ರಾಡ್‌ಕಾಸ್ಟ್ ಲಿಮಿಟೆಡ್ ಎಂಬ ಕಂಪನಿ ಇದರ ಒಡೆತನವನ್ನು ಹೊಂದಿದೆ. ಕನ್ನಡ ಚಲನಚಿತ್ರಗೀತೆಗಳು ಇದರ ಪ್ರಸಾರದ ಮುಖ್ಯ ಭಾಗ. ಆದರೆ ಆರಂಭದ ವರ್ಷಗಳಲ್ಲಿ ಇಂಗ್ಲಿಷ್, ಹಿಂದಿ ಮತ್ತು ಕನ್ನಡ ಈ ಮೂರನ್ನೂ ಬೆರೆಸಿ ಕಾರ್ಯಕ್ರಮಗಳನ್ನು ರೂಪಿಸಲಾಗುತ್ತಿತ್ತು.

ಹಿನ್ನೆಲೆ

'ಮೊದಲ ಖಾಸಗಿ ಕೇಂದ್ರ' ಎಂಬ ವಿಶೇಷಣವು ಎಫ್‌ಎಂ ಪ್ರಸಾರಕ್ಕೆ ಮಾತ್ರ ಸಲ್ಲುತ್ತದೆ. ಕರ್ನಾಟಕದಲ್ಲಿ ಬಾನುಲಿ ಹುಟ್ಟಿದ್ದೇ ಖಾಸಗಿ ಪ್ರಯತ್ನವಾಗಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದ್ದರು. 'ಆಕಾಶವಾಣಿ' ಎಂಬ ಹೆಸರು ಬಳಕೆಗೆ ಬಂದದ್ದು ಆ ಕೇಂದ್ರದಿಂದ. ಮುಂದೆ ಅದು ಸರ್ಕಾರದ ವಶಕ್ಕೆ ಬಂದಿತು. ಸ್ವಾತಂತ್ರ್ಯಾನಂತರದ ಸುಮಾರು ಅರ್ಧ ಶತಮಾನದ ಕಾಲ ದೇಶದಲ್ಲಿ ಬಾನುಲಿ ಪ್ರಸಾರವು ಸರ್ಕಾರದ ಏಕಸ್ವಾಮ್ಯದಲ್ಲಿಯೇ ಉಳಿಯಿತು.

ಈ ಏಕಸ್ವಾಮ್ಯವು ಸಡಿಲಗೊಂಡದ್ದು 1990ರ ದಶಕದಲ್ಲಿ. 1993ರಿಂದ ಆಕಾಶವಾಣಿಯು ಕೆಲವು ಮಹಾನಗರಗಳಲ್ಲಿ ತನ್ನ ಎಫ್‌ಎಂ ವಾಹಿನಿಯ ಕೆಲವು ಅವಧಿಗಳನ್ನು ಖಾಸಗಿ ನಿರ್ಮಾಪಕರಿಗೆ ಮಾರಾಟ ಮಾಡಿತು. 1995ರ ಫೆಬ್ರವರಿಯಲ್ಲಿ ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ತರಂಗಾಂತರಗಳು ಸಾರ್ವಜನಿಕ ಸ್ವತ್ತು ಎಂದು ತೀರ್ಪು ನೀಡಿತು. ಕ್ರಿಕೆಟ್ ಪಂದ್ಯಗಳ ದೂರದರ್ಶನ ಪ್ರಸಾರದ ಹಕ್ಕಿನ ವಿವಾದದಲ್ಲಿ ಬಂದ ಈ ತೀರ್ಪು ಖಾಸಗಿ ಬಾನುಲಿಯ ಬಾಗಿಲನ್ನೂ ತೆರೆಯಿತು. 1999ರಲ್ಲಿ ಕೇಂದ್ರ ಸರ್ಕಾರವು ಖಾಸಗಿ ಎಫ್‌ಎಂ ನೀತಿಯ ಮೊದಲ ಹಂತವನ್ನು ಪ್ರಕಟಿಸಿ, 40 ನಗರಗಳ 108 ವಾಹಿನಿಗಳನ್ನು ಹರಾಜಿಗಿಟ್ಟಿತು.

ಆರಂಭ

ಹರಾಜಿನಲ್ಲಿ ಪರವಾನಗಿ ಪಡೆದವರಲ್ಲಿ ಮ್ಯೂಸಿಕ್ ಬ್ರಾಡ್‌ಕಾಸ್ಟ್ ಸಂಸ್ಥೆಯೂ ಒಂದು. ಆರಂಭದ ವರ್ಷಗಳಲ್ಲಿ ಇದಕ್ಕೆ ಸ್ಟಾರ್ ಸಮೂಹದ ಸಹಭಾಗಿತ್ವವಿತ್ತು. ಸಂಸ್ಥೆಯು ತನ್ನ ಮೊದಲ ಕೇಂದ್ರವನ್ನು ಮುಂಬಯಿ ಅಥವಾ ದೆಹಲಿಯಲ್ಲಿ ತೆರೆಯದೆ ಬೆಂಗಳೂರಿನಲ್ಲಿ ತೆರೆಯಿತು. ಮುಂಬಯಿ ಕೇಂದ್ರವು 2002ರಲ್ಲಿಯೂ ದೆಹಲಿ ಕೇಂದ್ರವು 2003ರಲ್ಲಿಯೂ ಆರಂಭವಾದವು. ಆಗ ಕೇಂದ್ರದ ಹೆಸರು 'ರೇಡಿಯೋ ಸಿಟಿ 91 ಎಫ್‌ಎಂ' ಎಂದಿತ್ತು.

2006ರವರೆಗೆ ಬೆಂಗಳೂರಿನಲ್ಲಿ ಇದಕ್ಕೆ ಖಾಸಗಿ ಪ್ರತಿಸ್ಪರ್ಧಿಗಳೇ ಇರಲಿಲ್ಲ. ನಗರದ ಎಫ್‌ಎಂ ಕೇಳುಗರಿಗೆ ಉಳಿದ ಆಯ್ಕೆಯೆಂದರೆ ಆಕಾಶವಾಣಿಯ ವಾಹಿನಿಗಳು. ನಿರೂಪಕರು ಬರೆದ ಪ್ರತಿಯನ್ನು ಓದುವ ಬದಲು ಕೇಳುಗರೊಡನೆ ಹರಟೆಯ ಧಾಟಿಯಲ್ಲಿ ಮಾತನಾಡುವುದು, ದೂರವಾಣಿ ಕರೆಗಳನ್ನು ನೇರಪ್ರಸಾರದಲ್ಲಿಯೇ ಸ್ವೀಕರಿಸುವುದು, ಸಂಚಾರ ದಟ್ಟಣೆಯ ಬಗ್ಗೆ ಆಗಿಂದಾಗ್ಗೆ ತಿಳಿಸುವುದು ಈ ಕೇಂದ್ರದ ಶೈಲಿಯಾಗಿತ್ತು. 'ರೇಡಿಯೋ ಜಾಕಿ' ಎಂಬ ಪದವು ನಗರದ ಮಾತಿನಲ್ಲಿ ರೂಢಿಗೆ ಬಂದದ್ದು ಈ ಅವಧಿಯಲ್ಲಿಯೇ. ಮುಂದೆ ದೂರದರ್ಶನ ವರದಿಗಾರ್ತಿಯಾಗಿ ಹೆಸರಾದ ವಾಸಂತಿ ಹರಿಪ್ರಕಾಶ್ ಇಲ್ಲಿನ ಬೆಳಗಿನ ಕಾರ್ಯಕ್ರಮದ ನಿರೂಪಕಿಯಾಗಿದ್ದರು.

ಪರವಾನಗಿ ಶುಲ್ಕದ ಬಿಕ್ಕಟ್ಟು

ಮೊದಲ ಹಂತದ ನೀತಿಯಲ್ಲಿ ಮೂಲಭೂತ ದೋಷವೊಂದಿತ್ತು. ಹರಾಜಿನಲ್ಲಿ ಕೂಗಿದ ಮೊತ್ತವನ್ನು ಪ್ರತಿವರ್ಷವೂ ಶುಲ್ಕವಾಗಿ ಪಾವತಿಸಬೇಕಿತ್ತು. ಅದರ ಮೇಲೆ ವರ್ಷಕ್ಕೆ ಶೇಕಡಾ 15ರಷ್ಟು ಏರಿಕೆಯೂ ಇತ್ತು. ಜಾಹೀರಾತಿನ ಆದಾಯ ಎಷ್ಟೇ ಇದ್ದರೂ ಶುಲ್ಕದಲ್ಲಿ ಬದಲಾವಣೆಯಿರಲಿಲ್ಲ. ಅನೇಕ ಬಿಡ್ಡುದಾರರು ಪ್ರಸಾರವನ್ನು ಆರಂಭಿಸುವ ಮೊದಲೇ ಹಿಂದೆ ಸರಿದರು. ಹರಾಜಿಗಿಟ್ಟ 108 ವಾಹಿನಿಗಳಲ್ಲಿ ಕಾರ್ಯರೂಪಕ್ಕೆ ಬಂದು ಉಳಿದವು 12 ನಗರಗಳ 21 ಮಾತ್ರ.

ಶುಲ್ಕದ ಈ ಭಾರವು ಕಾರ್ಯಕ್ರಮಗಳ ಸ್ವರೂಪವನ್ನೂ ನಿರ್ಧರಿಸಿತು ಎನ್ನಬಹುದು. ಹೆಚ್ಚು ಜಾಹೀರಾತು ತರಬಲ್ಲ ಯುವ ಕೇಳುಗರನ್ನು ಗುರಿಯಾಗಿಸಿಕೊಂಡು ಜನಪ್ರಿಯ ಚಲನಚಿತ್ರಗೀತೆಗಳಿಗೇ ಆದ್ಯತೆ ನೀಡುವುದು ವಾಣಿಜ್ಯ ಕೇಂದ್ರಗಳಿಗೆ ಅನಿವಾರ್ಯವಾಯಿತು. ಶಾಸ್ತ್ರೀಯ ಸಂಗೀತಕ್ಕೆಂದೇ ಬೆಂಗಳೂರಿನಲ್ಲಿ ಎಫ್‌ಎಂ ವಾಹಿನಿಯೊಂದು ಬಂದದ್ದು ಖಾಸಗಿ ವಲಯದಿಂದಲ್ಲ. 2004ರಲ್ಲಿ ಆಕಾಶವಾಣಿಯು ಆರಂಭಿಸಿದ 'ಅಮೃತವರ್ಷಿಣಿ'ಯಿಂದ.

ಅಮಿತ್ ಮಿತ್ರಾ ಸಮಿತಿಯು 2003ರಲ್ಲಿ ನಿಗದಿತ ಶುಲ್ಕದ ಬದಲು ಆದಾಯದ ಪಾಲನ್ನು ಪಡೆಯುವಂತೆ ಶಿಫಾರಸು ಮಾಡಿತು. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವೂ ಇದೇ ದಿಕ್ಕಿನಲ್ಲಿ ಸಲಹೆ ನೀಡಿತು. 2005ರ ಎರಡನೇ ಹಂತದ ನೀತಿಯಲ್ಲಿ, ಒಮ್ಮೆ ಕಟ್ಟುವ ಪ್ರವೇಶ ಶುಲ್ಕದ ಜೊತೆಗೆ ಒಟ್ಟು ಆದಾಯದ ಶೇಕಡಾ 4ರಷ್ಟನ್ನು ವಾರ್ಷಿಕ ಶುಲ್ಕದ ಆಧಾರವಾಗಿ ನಿಗದಿಪಡಿಸಲಾಯಿತು. ರೇಡಿಯೋ ಸಿಟಿಯೂ ಈ ವ್ಯವಸ್ಥೆಗೆ ವರ್ಗಾವಣೆಗೊಂಡು 91.1 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ಮುಂದುವರಿಯಿತು.

ಸ್ಪರ್ಧೆ ಮತ್ತು ಭಾಷೆ

2006ರಲ್ಲಿ ಬೆಂಗಳೂರಿನ ಬಾನುಲಿ ಚಿತ್ರವೇ ಬದಲಾಯಿತು. ರೇಡಿಯೋ ಮಿರ್ಚಿ (98.3), ಬಿಗ್ ಎಫ್‌ಎಂ (92.7), ಎಸ್ ಎಫ್‌ಎಂ (93.5), ರೇಡಿಯೋ ಇಂಡಿಗೋ (91.9), ರೇಡಿಯೋ ಒನ್ (94.3), ಫೀವರ್ (104) ಮೊದಲಾದ ಕೇಂದ್ರಗಳು ಸ್ವಲ್ಪ ಅವಧಿಯ ಅಂತರದಲ್ಲಿ ಒಂದರ ಹಿಂದೊಂದು ಬಂದವು. ಇವುಗಳಲ್ಲಿ ಹಲವು 0.8 ಮೆಗಾಹರ್ಟ್ಸ್ ಅಂತರದಲ್ಲಿ ಸಾಲಾಗಿ ನಿಂತಿರುವುದನ್ನು ಗಮನಿಸಬಹುದು. ಒಂದೇ ನಗರದ ವಾಹಿನಿಗಳು ಪರಸ್ಪರ ಅಡಚಣೆಯಾಗದಂತೆ ಇಟ್ಟ ಅಂತರವಿದು.

ಒಂದೇ ಕೇಂದ್ರವಿದ್ದಾಗ ಮೂರು ಭಾಷೆಗಳ ಮಿಶ್ರಣವು ನಡೆಯುತ್ತಿತ್ತು. ಕೇಂದ್ರಗಳು ಹೆಚ್ಚಾದಾಗ ಪ್ರತಿಯೊಂದೂ ತನ್ನ ಕೇಳುಗರನ್ನು ಆರಿಸಿಕೊಳ್ಳಬೇಕಾಯಿತು. ಇಂಡಿಗೋ ಇಂಗ್ಲಿಷ್ ಸಂಗೀತಕ್ಕೆ ಮೀಸಲಾಯಿತು. ಮಿರ್ಚಿ, ಬಿಗ್ ಮತ್ತು ಎಸ್ ಎಫ್‌ಎಂ ಕನ್ನಡದತ್ತ ವಾಲಿದವು. ಕನ್ನಡ ಹಾಡುಗಳಿಗೆ ಬೆಂಗಳೂರಿನಲ್ಲಿ ಸಾಕಷ್ಟು ಜಾಹೀರಾತು ದೊರೆಯದು ಎಂಬ ಶಂಕೆ ಈ ಕೇಂದ್ರಗಳ ಯಶಸ್ಸಿನಿಂದ ದೂರವಾಯಿತು. ಕನ್ನಡ ಚಿತ್ರಸಂಗೀತವೂ ಅದೇ ಹೊತ್ತಿಗೆ ಹೊಸ ಹುರುಪನ್ನು ಪಡೆದಿತ್ತು. 2006ರ ಡಿಸೆಂಬರ್ ಕೊನೆಯಲ್ಲಿ ತೆರೆಕಂಡ 'ಮುಂಗಾರು ಮಳೆ' ಚಿತ್ರಕ್ಕೆ ಮನೋಮೂರ್ತಿ ಸಂಗೀತ ನೀಡಿದ್ದರು. ಅದರ ಗೀತೆಗಳು, ವಿಶೇಷವಾಗಿ ಜಯಂತ ಕಾಯ್ಕಿಣಿಯವರ ರಚನೆ, ಎಫ್‌ಎಂ ಕೇಂದ್ರಗಳಲ್ಲಿ ಪದೇ ಪದೇ ಪ್ರಸಾರವಾದವು. ಚಿತ್ರವು ಕೇಂದ್ರಗಳಿಗೆ ಕೇಳುಗರನ್ನು ತಂದಿತೋ, ಕೇಂದ್ರಗಳು ಚಿತ್ರಕ್ಕೆ ಪ್ರೇಕ್ಷಕರನ್ನು ತಂದವೋ ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ರೇಡಿಯೋ ಸಿಟಿಯೂ ನಂತರದ ವರ್ಷಗಳಲ್ಲಿ ಕನ್ನಡ ಕೇಂದ್ರವಾಗಿ ಮಾರ್ಪಟ್ಟಿತು.

ಗೀತೆಗಳ ರಾಯಧನ ವಿವಾದ

ಹಾಡುಗಳನ್ನು ಪ್ರಸಾರ ಮಾಡಲು ಧ್ವನಿಮುದ್ರಣ ಕಂಪನಿಗಳಿಗೆ ಎಷ್ಟು ರಾಯಧನ ನೀಡಬೇಕೆಂಬುದು ದೀರ್ಘಕಾಲದ ವಿವಾದವಾಗಿತ್ತು. ಆರಂಭದಲ್ಲಿ ಗಂಟೆಯ ಲೆಕ್ಕದಲ್ಲಿ ಹಣ ಕಟ್ಟಬೇಕಿತ್ತು. ಜಾಹೀರಾತು ಕಡಿಮೆಯಿರುವ ನಡುರಾತ್ರಿಯ ಪ್ರಸಾರಕ್ಕೂ ಹಣ ತೆರಬೇಕಾಗಿದ್ದುದರಿಂದ ಇದು ಕೇಂದ್ರಗಳಿಗೆ ಹೊರೆಯಾಗಿತ್ತು. ಮ್ಯೂಸಿಕ್ ಬ್ರಾಡ್‌ಕಾಸ್ಟ್ ಸಂಸ್ಥೆಯು ಫೋನೋಗ್ರಾಫಿಕ್ ಪರ್ಫಾರ್ಮೆನ್ಸ್ ಲಿಮಿಟೆಡ್ ವಿರುದ್ಧ ಕೃತಿಸ್ವಾಮ್ಯ ಮಂಡಳಿಯ ಮೊರೆಹೋದ ಪ್ರಕರಣದಲ್ಲಿ, ನಿವ್ವಳ ಜಾಹೀರಾತು ಆದಾಯದ ಶೇಕಡಾ 2ರಷ್ಟನ್ನು ರಾಯಧನವಾಗಿ ನೀಡುವಂತೆ ಮಂಡಳಿಯು 2010ರ ಆಗಸ್ಟ್‌ನಲ್ಲಿ ಆದೇಶಿಸಿತು.

ಸುದ್ದಿ ಪ್ರಸಾರದ ನಿರ್ಬಂಧ

ಖಾಸಗಿ ಎಫ್‌ಎಂ ಕೇಂದ್ರಗಳು ಸ್ವಂತ ಸುದ್ದಿಯನ್ನು ಪ್ರಸಾರ ಮಾಡುವಂತಿಲ್ಲ. ಖಾಸಗಿ ದೂರದರ್ಶನ ವಾಹಿನಿಗಳಿಗೂ ಪತ್ರಿಕೆಗಳಿಗೂ ಇಲ್ಲದ ಈ ನಿರ್ಬಂಧವು ಬಾನುಲಿಗೆ ಮಾತ್ರ ಏಕೆ ಎಂಬುದು ಆಗಾಗ ಚರ್ಚೆಗೆ ಬಂದಿದೆ. 2013ರಲ್ಲಿ ಸ್ವಯಂಸೇವಾ ಸಂಸ್ಥೆಯೊಂದು ಸರ್ವೋಚ್ಚ ನ್ಯಾಯಾಲಯದಲ್ಲಿ ಇದನ್ನು ಪ್ರಶ್ನಿಸಿತು. 2011ರ ಮೂರನೇ ಹಂತದ ನೀತಿಯು ಆಕಾಶವಾಣಿಯ ವಾರ್ತೆಗಳನ್ನು ಯಥಾವತ್ತಾಗಿ ಮರುಪ್ರಸಾರ ಮಾಡಲು ಅವಕಾಶ ನೀಡಿತು. ಸಂಚಾರ, ಹವಾಮಾನ, ಪರೀಕ್ಷಾ ಫಲಿತಾಂಶ, ನೀರು ಮತ್ತು ವಿದ್ಯುತ್ ಪೂರೈಕೆಯ ಪ್ರಕಟಣೆಗಳನ್ನು 'ಸುದ್ದಿಯಲ್ಲ' ಎಂದು ಪರಿಗಣಿಸಿತು. ಹೀಗಾಗಿ ಬಡಾವಣೆಯೊಂದಕ್ಕೆ ನೀರು ಬಾರದ ದಿನವನ್ನು ನಿರೂಪಕರು ತಿಳಿಸಬಹುದು. ಅದರ ಕಾರಣವನ್ನು ಕುರಿತು ವರದಿ ಮಾಡುವಂತಿಲ್ಲ.

ಒಡೆತನ

ಸ್ಟಾರ್ ಸಮೂಹವು ಹೊರನಡೆದ ಬಳಿಕ ಇಂಡಿಯಾ ವ್ಯಾಲ್ಯೂ ಫಂಡ್ ಸಂಸ್ಥೆಯು ಕಂಪನಿಯ ಒಡೆತನವನ್ನು ಪಡೆಯಿತು. 2015ರಲ್ಲಿ ಹಿಂದಿ ದಿನಪತ್ರಿಕೆ 'ದೈನಿಕ್ ಜಾಗರಣ್'ನ ಪ್ರಕಾಶಕರಾದ ಜಾಗರಣ್ ಪ್ರಕಾಶನ್ ಅದನ್ನು ಖರೀದಿಸಿತು. 2017ರ ಮಾರ್ಚ್‌ನಲ್ಲಿ ಕಂಪನಿಯ ಷೇರುಗಳು ಷೇರುಪೇಟೆಯನ್ನು ಪ್ರವೇಶಿಸಿದವು.

ಬೆಂಗಳೂರಿನ ಹೊರಗೆ

ಎಫ್‌ಎಂ ತರಂಗಗಳು ಬಹುಮಟ್ಟಿಗೆ ಸರಳರೇಖೆಯಲ್ಲಿ ಚಲಿಸುವುದರಿಂದ ಕೇಂದ್ರದ ಪ್ರಸಾರವು ನಗರ ಮತ್ತು ಅದರ ಆಸುಪಾಸಿಗೆ ಸೀಮಿತವಾಗಿದೆ. ಎರಡನೇ ಹಂತದಲ್ಲಿ ಮೈಸೂರು, ಮಂಗಳೂರು ಮತ್ತು ಕಲಬುರಗಿಗಳಿಗೆ ಬೇರೆ ಸಂಸ್ಥೆಗಳ ಖಾಸಗಿ ಕೇಂದ್ರಗಳು ಬಂದವು. ಆದರೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಮತ್ತು ಇಂಗಳೇಶ್ವರದಂತಹ ಊರುಗಳ ಕೇಳುಗರಿಗೆ ಬಾನುಲಿಯೆಂದರೆ ಮುಖ್ಯವಾಗಿ ಆಕಾಶವಾಣಿಯೇ ಆಗಿ ಉಳಿಯಿತು. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟವು 234 ಹೊಸ ನಗರಗಳಲ್ಲಿ 730 ಖಾಸಗಿ ಎಫ್‌ಎಂ ವಾಹಿನಿಗಳ ಹರಾಜಿಗೆ ಒಪ್ಪಿಗೆ ನೀಡಿತು. ಆ ಪಟ್ಟಿಯಲ್ಲಿರುವ ಕರ್ನಾಟಕದ ನಗರಗಳಲ್ಲಿ ವಿಜಯಪುರವೂ ಒಂದು.